ಅರಿಶಿನ, ಕುಂಕುಮ ಮತ್ತು ಮುಖದ ಬಣ್ಣ

ಗೂಳೂರು ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗೋದು ನಮ್ಮೂರ ಗಣಪ. ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ಹೊರಟರೆ ಐದಾರು ಕಿಲೋಮೀಟರು ಅಷ್ಟೆ. ಊರೂರಲ್ಲೂ ಚೌತಿ ಗಣೇಶನನ್ನು ಕೂರಿಸಿ, ಮುಳುಗಿಸಿ, ಎಲ್ಲರೂ ಸುಮ್ಮನಾದ ಮೇಲೆ ಬಲಿಪಾಡ್ಯಮಿ ಹೊತ್ತಿಗೆ ನಮ್ಮ ದೊಡ್ಡ ಮಣ್ಣಿನ ಗಣಪ ಪೂಜೆಗೆ ಸಿದ್ಧನಾಗ್ತಾನೆ. ಕಾರ್ತಿಕ ಪೂರ್ತಿ ಪೂಜೆ. ಕೊನೆಗೆ ಬಾಣಬಿರುಸು, ಕೆರೆಯಲ್ಲಿ ವಿಸರ್ಜನೆ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ನನ್ನ ಹೊಟ್ಟೆಪಾಡು ದೊಡ್ಡ ಪ್ರಿಂಟರ್ ಮೇಲೆ ನಿಂತಿದೆ. ಹತ್ತು ಅಡಿ ಅಗಲದ ಸಾಲ್ವೆಂಟ್ ಮಷಿನ್ನು. ನವೆಂಬರ್ 1ರ ರಾಜ್ಯೋತ್ಸವ, ದೀಪಾವಳಿ, ಗಣಪನ ಪೂಜೆ ಎಲ್ಲಾ ಒಟ್ಟೊಟ್ಟಿಗೆ ಬರೋದ್ರಿಂದ ನಮಗೆ ಅದೇ ಸುಗ್ಗಿ. ಆ ಒಂದು ತಿಂಗಳು ಮಷಿನ್ ಕಕ್ಕೋದು ಮೂರೇ ಬಣ್ಣ: ಅರಿಶಿನ, ಕುಂಕುಮ, ಕಾವಿ. ಈ ಮೂರೂ ಗಿರಾಕಿಗೆ ಹುಟ್ಟಿದಾಗಿನಿಂದ ಗೊತ್ತಿರೋ ಬಣ್ಣಗಳು. ಕಂಪನಿ ಲೋಗೋದ ನೀಲಿ ಸ್ವಲ್ಪ ಆಚೀಚೆ ಆದ್ರೆ ಯಾರೂ ಕೇಳಲ್ಲ. ಆದ್ರೆ ಮ. ರಾಮಮೂರ್ತಿಯವರು ಅರವತ್ತರ ದಶಕದಲ್ಲಿ ರೂಪಿಸಿದ ಬಾವುಟದ ಹಳದಿ ಒಂಚೂರು ಹಸಿರಿಗೆ ತಿರುಗಲಿ, “ಏನಣ್ಣ ಇದು, ಅರಿಶಿನ ಕೇಳಿದ್ರೆ ನಿಂಬೆಹಣ್ಣು ಕೊಟ್ಟಿದ್ದೀಯ” ಅಂತ ಅಂಗಡಿ ಬಾಗಿಲಲ್ಲೇ ಶುರು.

ತುಂಬಾ ಜನ ಅಂದ್ಕೊಂಡಿರೋದು ಏನಂದ್ರೆ, ಕಂಪ್ಯೂಟರಲ್ಲಿ ಕಂಡ ಬಣ್ಣವೇ ಫ್ಲೆಕ್ಸಿನಲ್ಲಿ ಬರುತ್ತೆ ಅಂತ. ಬರಲ್ಲ ಸಾರ್! ಪರದೆ ಬೆಳಕನ್ನೇ ಬಣ್ಣ ಮಾಡಿ ತೋರಿಸುತ್ತೆ. ಪ್ರಿಂಟರಿನಲ್ಲಿ ಇರೋದು ಸಯಾನ್, ಮಜೆಂಟಾ, ಹಳದಿ, ಕಪ್ಪು, ಈ ನಾಲ್ಕು ಇಂಕು ಮಾತ್ರ. ಅವು ಬಿಳಿ ಶೀಟಿನ ಮೇಲೆ ಕೂತು ಬೆಳಕಿನ ಒಂದಷ್ಟು ಭಾಗ ನುಂಗಿ, ಉಳಿದದ್ದನ್ನ ನಮ್ಮ ಕಣ್ಣಿಗೆ ಕಳಿಸ್ತವೆ. ಅದೂ ಒಂದೇ ಸಮ ಇರಲ್ಲ. ಹೊಸ ರೋಲು ಬಂದ್ರೆ ಅದರ ಬಿಳಿಯೇ ಬೇರೆ, ಒಂದು ನೀಲಿಗೆ ಓಡಿದ್ರೆ ಇನ್ನೊಂದು ಹಳದಿಗೆ. ಡಿಸೆಂಬರಿನ ಬೆಳಗಿನ ಚಳಿಗೆ ಇಂಕು ಮಂದ ಆಗುತ್ತೆ. ಹೆಡ್ಡಿನ ನಾಲ್ಕು ತೂತು ಕಟ್ಟಿಕೊಂಡ್ರೆ ಆ ಬಣ್ಣ ಅಷ್ಟು ಕಮ್ಮಿ.

ಅದಕ್ಕೇ ಕ್ಯಾಲಿಬ್ರೇಶನ್. ಮೊದಲು ನಾಜಲ್ ಚೆಕ್, ತೂತುಗಳೆಲ್ಲ ಸರಿ ಇದ್ದಾವಾ ಅಂತ. ಆಮೇಲೆ ಒಂದೊಂದು ಇಂಕನ್ನೂ ಸೊನ್ನೆಯಿಂದ ನೂರರ ತನಕ ಮೆಟ್ಟಿಲು ಮೆಟ್ಟಿಲಾಗಿ ಚೌಕಗಳಲ್ಲಿ ಹೊಡೆದು, ಚೆನ್ನಾಗಿ ಒಣಗಿಸಿ, ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅಳೆಯೋದು. ಕಂಪ್ಯೂಟರ್ ಐವತ್ತು ಅಂದ್ರೆ ಶೀಟಿನ ಮೇಲೂ ಐವತ್ತರಂತೆ ಕಾಣಬೇಕು. ಸಾಮಾನ್ಯವಾಗಿ ಅದು ಅರವತ್ತೈದು ಎಪ್ಪತ್ತರ ಥರ ದಪ್ಪಗೆ ಬಿದ್ದಿರುತ್ತೆ, ಅದನ್ನ ತಿದ್ದಬೇಕು. ನಾಲ್ಕೂ ಇಂಕು ಸೇರಿದಾಗ ಒಟ್ಟು ಎಷ್ಟು ಸುರೀಬಹುದು ಅಂತ ಮಿತಿ ಹಾಕ್ಬೇಕು, ಇಲ್ಲದಿದ್ರೆ ಕಪ್ಪು ಜಾಗದಲ್ಲಿ ಇಂಕು ಒಣಗದೆ ಕೆಸರಾಗುತ್ತೆ. ಇಷ್ಟಾದ ಮೇಲೆ ನೂರಾರು ಚೌಕಗಳ ಚಾರ್ಟ್ ಹೊಡೆದು, ಅಳೆದು, ಪ್ರೊಫೈಲ್ ಮಾಡೋದು. 1993ರಲ್ಲಿ ಎಂಟು ಕಂಪನಿಗಳು ಸೇರಿ ಕಟ್ಟಿದ ಐಸಿಸಿ ಅನ್ನೋ ಒಕ್ಕೂಟದ ಪದ್ಧತಿ ಇದು. ಬಣ್ಣದ ವ್ಯತ್ಯಾಸಕ್ಕೆ ಡೆಲ್ಟಾ ಇ ಅಂತ ಒಂದು ಅಳತೆ ಉಂಟು. ಹೆಚ್ಚೂಕಮ್ಮಿ ಒಂದರೊಳಗಿದ್ರೆ ಕಣ್ಣಿಗೆ ಗೊತ್ತಾಗಲ್ಲ. ನಾನು ಮೂರರೊಳಗೆ ಬಂದ್ರೆ ಕಾಫಿ ಕುಡಿಯೋಕೆ ಹೋಗ್ತೀನಿ :-)

ಅಳೆಯೋ ಯಂತ್ರಕ್ಕೆ ಲಕ್ಷದ ಮೇಲೆ. ಬೆಂಗಳೂರಿನ ಸ್ನೇಹಿತನಿಂದ ಎರವಲು ತರ್ತೀನಿ. ಅದು ಇಲ್ಲದಾಗ ನನಗಿರೋ ಆಸರೆ ಬೂದಿ ಬಣ್ಣ. ಸಯಾನ್, ಮಜೆಂಟಾ, ಹಳದಿ ಮೂರನ್ನೂ ಸಮಸಮ ಹಾಕಿದ್ರೆ ಬೂದಿ ಬರಲ್ಲ, ಕಂದು ಬರುತ್ತೆ. ಸಯಾನ್ ಐವತ್ತಿದ್ರೆ ಉಳಿದೆರಡು ನಲವತ್ತರ ಹತ್ತಿರ ಇರಬೇಕು. ಬೂದಿ ಬೂದಿಯಾಗೇ ಬಂತು ಅಂದ್ರೆ ಮಿಕ್ಕಿದ್ದೂ ಸುಮಾರಾಗಿ ದಾರಿಗೆ ಬರುತ್ತೆ.

ಫ್ಲೆಕ್ಸ್ ಬರೋ ಮುಂಚೆ ಬೋರ್ಡ್ ಬರೀತಿದ್ದ ಆರ್ಟಿಸ್ಟ್ ಒಬ್ಬರು ನಮ್ಮ ಅಂಗಡಿಗೆ ಬಂದು ಕೂರ್ತಿದ್ರು. ನಮ್ಮ ಮಷಿನ್ನೇ ಅವರ ಕೆಲಸ ತಿಂದಿದ್ದು, ಆದ್ರೂ ಸಿಟ್ಟು ಇರಲಿಲ್ಲ. “ಬಣ್ಣ ನೋಡೋದಾದ್ರೆ ನೆರಳಲ್ಲಿ ನೋಡು, ಬಿಸಿಲಲ್ಲಿ ನೋಡು, ದೀಪ ಹಚ್ಚಿ ನೋಡು ಕಣಪ್ಪ” ಅನ್ನೋರು. ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ಎರಡು ಬಣ್ಣ ಬಿಸಿಲಿಗೆ ಬಂದ್ರೆ ಬೇರೆ ಬೇರೆ ಕಾಣ್ತವೆ ಅನ್ನೋದನ್ನ ಅವರು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಆದ್ರೆ ನಿಜವಾದ ಪರೀಕ್ಷೆ ಬಾವುಟವೂ ಅಲ್ಲ, ಕಾವಿಯೂ ಅಲ್ಲ. ಶ್ರದ್ಧಾಂಜಲಿ ಬ್ಯಾನರು.

ಒಂದು ಕಾರ್ತಿಕದಲ್ಲಿ, ಹನ್ನೊಂದನೇ ದಿನದ ಕಾರ್ಯಕ್ಕೆ ಅಂತ ಒಬ್ಬ ಹೆಣ್ಣುಮಗಳು ಮೈದುನನ ಜೊತೆ ಬಂದ್ರು. ಫೋಟೋ ಮೊಬೈಲಿನದು, ಯಾವುದೋ ಮದುವೆಯಲ್ಲಿ ತೆಗೆದಿದ್ದು. ಮೈದುನ ಎಲ್ಲರಂತೆ, “ಅಣ್ಣ, ಸ್ವಲ್ಪ ಬೆಳ್ಳಗೆ ಮಾಡ್ಕೊಡಿ” ಅಂದ. ದಿನಾ ಕೇಳೋ ಮಾತು ಇದು. ಲೀಡರುಗಳಿಂದ ಹಿಡಿದು ಹುಟ್ಟುಹಬ್ಬದ ಮಗುವಿನ ತನಕ ಎಲ್ಲರನ್ನೂ ಬೆಳ್ಳಗೆ ಮಾಡೋದೇ ಕೆಲಸ. ಆದ್ರೆ ಆಯಮ್ಮ ತಲೆ ಎತ್ತಿ, “ಯಾವತ್ತಪ್ಪಾ ಬೆಳ್ಳಗಿದ್ರು ನಿಮ್ಮಣ್ಣ? ಹೊಲದಲ್ಲಿ ಬೆಂದ ಮೈ. ಹೆಂಗಿದ್ರೋ ಹಂಗೇ ಇರ್ಲಿ” ಅಂದ್ರು.

ಹೆಂಗಿದ್ರೋ ಹಂಗೆ! ಅದಕ್ಕಿಂತ ಕಷ್ಟದ ಆರ್ಡರ್ ಇನ್ನೊಂದಿಲ್ಲ. ಬೆಳ್ಳಗಿನ ಮುಖಕ್ಕೆ ಹಳದಿ, ಮಜೆಂಟಾ ಒಂದಿಷ್ಟಿದ್ದರೆ ನಡೆಯುತ್ತೆ. ಕಪ್ಪು ಮೈಬಣ್ಣದಲ್ಲಿ ನಾಲ್ಕೂ ಇಂಕು ಸೇರಿರುತ್ತೆ. ಸಯಾನ್ ಒಂಚೂರು ಏರಿದ್ರೆ ಮುಖ ಹಸಿರು, ಮಜೆಂಟಾ ಏರಿದ್ರೆ ನೇರಳೆ, ಮಿತಿ ತಪ್ಪಿದ್ರೆ ಕೆನ್ನೆ ಕಣ್ಣು ಎಲ್ಲಾ ಸೇರಿ ಬರೀ ಕಪ್ಪು ಮುದ್ದೆ. ಇದು ನಮ್ಮೂರಿನ ತಾಪತ್ರಯ ಮಾತ್ರ ಅಲ್ಲ. ಕೊಡಕ್ ಕಂಪನಿ ಫಿಲಂ ಕಾಲದಲ್ಲಿ ಲ್ಯಾಬುಗಳಿಗೆ ಬಣ್ಣ ಹೊಂದಿಸೋಕೆ ಕೊಡ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸಿನ ಫೋಟೋ. ಆ ಮುಖ ಸರಿ ಬಂದ್ರೆ ಎಲ್ಲಾ ಸರಿ ಅಂತ ಲೆಕ್ಕ. ಕಪ್ಪು ಜನರ ಫೋಟೋಗಳು ಮಸಿ ಮೆತ್ತಿದಂತೆ ಬರ್ತಿದ್ದಿದ್ದಕ್ಕೆ ಅದೂ ಒಂದು ಕಾರಣ. ಬೇರೆ ಬೇರೆ ಮೈಬಣ್ಣದವರು ಜೊತೆಗಿರೋ ಕಾರ್ಡುಗಳು ಬಂದದ್ದು ತೊಂಬತ್ತರ ದಶಕದಲ್ಲಿ.

ಅವತ್ತು ಒಂದೊಂದಡಿಯ ಐದು ಪಟ್ಟಿ ಹೊಡೆದೆ. ನೆರಳು ಭಾಗ ಸ್ವಲ್ಪ ಬಿಡಿಸಿದೆ, ಕಪ್ಪು ಇಂಕು ಇಳಿಸಿದೆ, ಬೂದಿ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಸಯಾನ್ ತಿದ್ದಿದೆ. ಐದನ್ನೂ ಬಿಸಿಲಿಗೆ ತಂದು ಸಾಲಾಗಿ ಇಟ್ಟೆ. ಆಯಮ್ಮ ನಾಲ್ಕನೆಯದರ ಹತ್ತಿರ ಕೂತು, ಕೆನ್ನೆ ಮೇಲೆ ಬೆರಳಿಟ್ಟು, “ಇವ್ರೇ” ಅಂದ್ರು. ಅಷ್ಟೇ. ಯಾವ ಡೆಲ್ಟಾ ಇ ಕೂಡ ನನಗೆ ಅಷ್ಟು ಸಮಾಧಾನ ಕೊಟ್ಟಿಲ್ಲ.

ಈಗ ಫ್ಲೆಕ್ಸಿನ ಕಥೆಯೇ ಬದಲಾಗ್ತಿದೆ. ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಾದ್ಯಂತ ನೂರು ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರಿಗೆ ನಿಷೇಧ. ಕೆರೆ ಮಣ್ಣಿನ ಗಣಪ ಕೆರೆಗೇ ಹೋಗ್ತಾನೆ, ಅವನ ಫ್ಲೆಕ್ಸು ಮಾತ್ರ ಚರಂಡಿಯಲ್ಲಿ ವರ್ಷಗಟ್ಟಲೆ ಇರುತ್ತೆ. ಹಾಗಾಗಿ ನಿಯಮ ಸರಿಯೇ ಅನ್ಸುತ್ತೆ. ಬಟ್ಟೆ ಬ್ಯಾನರ್ ಕೇಳೋರಿಗೆ ನಾನೂ ಮಾಡ್ಕೊಡ್ತೀನಿ. ಆದ್ರೆ ಬಟ್ಟೆ ಇಂಕು ಕುಡಿಯುತ್ತೆ, ಕುಂಕುಮ ಮಂಕಾಗುತ್ತೆ, ಹಳೇ ಪ್ರೊಫೈಲ್ ಅಲ್ಲಿ ನಡೆಯಲ್ಲ. ಮತ್ತೆ ಸೊನ್ನೆಯಿಂದ ನೂರರ ತನಕ ಚೌಕ ಹೊಡೀಬೇಕು.

ನೀವು ಯಾವುದಾದ್ರೂ ಅಂಗಡಿಗೆ ಬ್ಯಾನರ್ ಮಾಡಿಸೋಕೆ ಹೋದ್ರೆ ಒಂದು ಕೆಲಸ ಮಾಡಿ. ಅರ್ಜೆಂಟ್ ಅಂತ ಗಲಾಟೆ ಮಾಡದೆ, ಒಂದಡಿ ಸ್ಯಾಂಪಲ್ ಹೊಡೆಸಿ, ಹೊರಗೆ ತಂದು ನೋಡಿ. ದಯವಿಟ್ಟು “ಬೆಳ್ಳಗೆ ಮಾಡಿ” ಅನ್ನಬೇಡಿ. ಬಿಳಿ ಶೀಟು ಹೆಂಗೂ ನಮ್ಮ ಹತ್ತಿರ ರೋಲುಗಟ್ಟಲೆ ಇದೆ.