ಹಳಿ ಕಿತ್ತ ಮೇಲೆ

ಪಿಟ್ಸ್‌ಬರ್ಗ್‌ಗೆ ನಾನು ಕೆಲಸಕ್ಕೆ ಬಂದದ್ದು 1986ರಲ್ಲಿ. ಪಕ್ಕದ ಹೋಮ್‌ಸ್ಟೆಡ್‌ನ ಉಕ್ಕಿನ ಕಾರ್ಖಾನೆ ಬಾಗಿಲು ಹಾಕಿದ ವರ್ಷ ಅದು. ಮೊನೊಂಗಹೇಲಾ ನದಿಯ ದಂಡೆಯುದ್ದಕ್ಕೂ ತುಕ್ಕು ಹಿಡಿದ ಶೆಡ್ಡುಗಳು, ಕೆಲಸ ಕಳೆದುಕೊಂಡ ಗಂಡಸರು, ಮಾರಾಟಕ್ಕಿಟ್ಟ ಮನೆಗಳು. ಅದೇ ವರ್ಷ, ಆಗ್ನೇಯದ ಗುಡ್ಡಗಳಲ್ಲಿ ಒಹಾಯೊಪೈಲ್ ಎಂಬ ಪುಟ್ಟ ಊರಿನ ಬಳಿ, ನಿಂತುಹೋದ ರೈಲುದಾರಿಯ ಒಂಬತ್ತೂವರೆ ಮೈಲಿಯನ್ನು ಸೈಕಲ್ಲಿನವರಿಗೆಂದು ತೆರೆದರು. ಕಾರ್ಖಾನೆ ಮುಚ್ಚಿದ ಸುದ್ದಿಯ ಮುಂದೆ ಅದನ್ನು ಯಾರು ಕೇಳಬೇಕು! ನಮ್ಮ ಆಫೀಸಿನಲ್ಲಂತೂ ಆ ಮಾತೇ ಬರಲಿಲ್ಲ.

ಆ ಹಳಿಯೂ ಉಕ್ಕಿನ ಕಥೆಯದೇ ಭಾಗ. ಕಾನೆಲ್ಸ್‌ವಿಲ್ ಸುತ್ತಲಿನ ಗೂಡುಗಳಲ್ಲಿ ಕಲ್ಲಿದ್ದಲನ್ನು ಸುಟ್ಟು ಕೋಕ್ ಮಾಡುತ್ತಿದ್ದರು. ಪಿಟ್ಸ್‌ಬರ್ಗ್‌ನ ಕುಲುಮೆಗಳು ಅದರಿಂದಲೇ ಉರಿಯುತ್ತಿದ್ದವು. ಯಾಕಗೇನಿ ಹೊಳೆಯ ಒಂದು ದಡದಲ್ಲಿ ಬಾಲ್ಟಿಮೋರ್ ಅಂಡ್ ಒಹಾಯೊ ಕಂಪನಿಯ ರೈಲು ಮೊದಲೇ ಓಡುತ್ತಿತ್ತು. ಅದಕ್ಕೆ ಪೈಪೋಟಿಯಾಗಿ ವೆಸ್ಟರ್ನ್ ಮೇರಿಲ್ಯಾಂಡ್ ಕಂಪನಿ 1912ರಲ್ಲಿ ಇನ್ನೊಂದು ದಡದಲ್ಲಿ ಕಂಬರ್ಲೆಂಡ್‌ನಿಂದ ಕಾನೆಲ್ಸ್‌ವಿಲ್‌ವರೆಗೆ ತನ್ನದೇ ಹಳಿ ಹಾಕಿತು. ಒಂದೇ ಕಣಿವೆಗೆ ಎರಡು ರೈಲು ಎಷ್ಟು ದಿನ ನಡೆದೀತು? 1975ರಲ್ಲಿ ಹೊಸದು ನಿಂತಿತು, ಹಳೆಯದು ಉಳಿಯಿತು. ಈಗಲೂ ಆಚೆ ದಡದಲ್ಲಿ ಸರಕು ರೈಲು ಕೂಗುತ್ತದೆ. ಈಚೆ ದಡದಲ್ಲಿ ನಾವು ಸೈಕಲ್ ತುಳಿಯುತ್ತೇವೆ.

ನಾನು ಹಾಸನ ಜಿಲ್ಲೆಯವನು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯ ಹಳಿ ಐವತ್ತು ಅಡಿಗೆ ಒಂದು ಅಡಿ ಏರುತ್ತದೆ; ರೈಲಿನ ಲೆಕ್ಕದಲ್ಲಿ ಅದು ಕಡಿದಾದ ಏರು. ಮನುಷ್ಯನ ಕಾಲಿಗೆ ಅದು ಏನೂ ಅಲ್ಲ. ಈ ಗುಟ್ಟು ನನಗೆ ಮನದಟ್ಟಾದದ್ದು ಅಲೆಘೆನಿ ಗುಡ್ಡಗಳಲ್ಲಿ. ಪೆನ್ಸಿಲ್ವೇನಿಯಾದ ಬದಿಯಲ್ಲಿ ಏರು ಶೇ 1ಕ್ಕೂ ಕಡಿಮೆ. ಉಗಿಬಂಡಿ ಎಳೆಯಲೆಂದು ಕೂಲಿಕಾರರು ಬಂಡೆ ಒಡೆದು, ತಗ್ಗಿಗೆ ಮಣ್ಣು ತುಂಬಿ ಸಮ ಮಾಡಿದ ನೆಲ ಅದು. ಕಾರಿನ ರಸ್ತೆಯಲ್ಲಾದರೆ ಏದುಸಿರು ಬಿಡುವ ವಯಸ್ಸಿನವರು ಇಲ್ಲಿ ಮಾತಾಡುತ್ತಲೇ ಕಾಡಿನ ಒಡಲಿಗೆ ಹೋಗಿಬಿಡುತ್ತಾರೆ. ಅರವತ್ತು ದಾಟಿದ ಮೇಲೆ ನನ್ನ ಹೆಂಡತಿ ಸೈಕಲ್ ಕಲಿತದ್ದು ಇದೇ ದಾರಿಯಲ್ಲಿ. ಆ ಕೂಲಿಕಾರರ ಹೆಸರು ಯಾವ ಫಲಕದಲ್ಲೂ ನಾನು ಕಂಡಿಲ್ಲ. ಇರಬೇಕಿತ್ತು.

ಮೊದಮೊದಲು ದಾರಿ ತುಂಡುತುಂಡಾಗಿತ್ತು. ಒಹಾಯೊಪೈಲ್‌ನಿಂದ ಹೊರಟರೆ ಕಾನ್‌ಫ್ಲುಯೆನ್ಸ್ ಎಂಬ, ಮೂರು ಹೊಳೆ ಕೂಡುವ ಊರಿನ ಹತ್ತಿರ ಮುಗಿಯುತ್ತಿತ್ತು. ಅದರಾಚೆ ದಪ್ಪ ಜಲ್ಲಿ, ಮುಳ್ಳುಪೊದೆ. ಊರಿನಲ್ಲಿ ಕಾಫಿ ಸಿಗುವುದೂ ಕಷ್ಟವಾಗಿತ್ತು. ಆಮೇಲೆ ಒಂದು ಮನೆಯ ಜಗುಲಿಯಲ್ಲಿ ಸೈಕಲ್ ಬಾಡಿಗೆ ಬೋರ್ಡು ಬಂತು, ಇನ್ನೊಂದು ಮನೆಯವರು ಮೇಲಿನ ಕೋಣೆಯನ್ನು ರಾತ್ರಿ ತಂಗುವವರಿಗೆ ಬಿಟ್ಟರು. ಮೇಯರ್ಸ್‌ಡೇಲ್‌ನ ಹಳೆಯ ಸ್ಟೇಷನ್ನಿಗೆ ಸುಣ್ಣಬಣ್ಣವಾಗಿ ಮತ್ತೆ ಜನ ಬಂದರು. ಈಗ ಅಲ್ಲಿ ಇಳಿಯುವವರು ಸೈಕಲ್ಲಿನಿಂದ ಇಳಿಯುತ್ತಾರೆ. ಗಣಿ, ಕಾರ್ಖಾನೆ ಕೊಟ್ಟಷ್ಟು ಸಂಬಳವನ್ನು ಸೈಕಲ್ ಕೊಡುವುದಿಲ್ಲ, ಅದು ನಿಜ. ಆದರೆ ಮುಚ್ಚಿದ್ದ ಬಾಗಿಲುಗಳು ತೆರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಹಳ ಕಾಲ ಎಲ್ಲರನ್ನೂ ತಡೆದು ನಿಲ್ಲಿಸಿದ್ದು ಬಿಗ್ ಸ್ಯಾವೇಜ್ ಸುರಂಗ. ಉದ್ದ ಸುಮಾರು ಒಂದು ಕಿಲೋಮೀಟರ್. ನೀರು ಒಸರಿ, ಹಿಮ ಕಟ್ಟಿ, ಒಳಗೋಡೆ ಬಿರಿದು ಪಾಳು ಬಿದ್ದಿತ್ತು. ಕೋಟಿಗಟ್ಟಲೆ ಡಾಲರ್ ಸುರಿದು ಅದನ್ನು ಗಟ್ಟಿ ಮಾಡಿದರು. 2006ರ ಕೊನೆಗೆ ದಾರಿ ಮೇರಿಲ್ಯಾಂಡ್‌ನ ಕಂಬರ್ಲೆಂಡ್ ಮುಟ್ಟಿತು. ಜುಲೈ ಧಗೆಯಲ್ಲೂ ಸುರಂಗದ ಒಳಗೆ ಸ್ವೆಟರ್ ಬೇಕು. ಕನ್ನಡಕ ಮಂಜಾಗುತ್ತದೆ, ಬೆಲ್ಲು ಹೊಡೆದರೆ ಸದ್ದು ಆ ತುದಿಯವರೆಗೆ ಹೋಗಿ ಬರುತ್ತದೆ. ಹೊರಬಿದ್ದೊಡನೆ ಬೆಟ್ಟದ ಮೇಲೆ ಬೆಟ್ಟ, ಕಣ್ಣು ಹೋದಷ್ಟು ದೂರ. ಅದಕ್ಕೂ ತುಸು ಮೊದಲು 2,392 ಅಡಿ ಎತ್ತರದ ನೀರಗಡಿ: ಅಲ್ಲಿ ಬಿದ್ದ ಮಳೆಯಲ್ಲಿ ಅರ್ಧ ಮೆಕ್ಸಿಕೊ ಕೊಲ್ಲಿಗೆ, ಇನ್ನರ್ಧ ಅಟ್ಲಾಂಟಿಕ್‌ಗೆ. ಅಲ್ಲಿಂದ ಕಂಬರ್ಲೆಂಡ್‌ವರೆಗೆ ಇಪ್ಪತ್ತಮೂರು-ಇಪ್ಪತ್ತನಾಲ್ಕು ಮೈಲಿ ಪೆಡಲ್ ತುಳಿಯುವ ಕೆಲಸವೇ ಇಲ್ಲ, ಬ್ರೇಕು ಹಿಡಿದರೆ ಸಾಕು.

2013ರಲ್ಲಿ ಪಿಟ್ಸ್‌ಬರ್ಗ್‌ನ ಹತ್ತಿರದ ಕೊನೆಯ ತುಂಡೂ ಸೇರಿ ದಾರಿ ನೂರೈವತ್ತು ಮೈಲಿಯಾಯಿತು. ಹೋಮ್‌ಸ್ಟೆಡ್‌ನ ಕಾರ್ಖಾನೆ ಇದ್ದ ಜಾಗವನ್ನೂ ಅದು ಹಾಯುತ್ತದೆ. ಕಂಬರ್ಲೆಂಡ್‌ನಿಂದ ಮುಂದೆ ಹಳೆಯ ಕಾಲುವೆಯ ದಂಡೆ ಹಿಡಿದರೆ ವಾಷಿಂಗ್ಟನ್ ತಲುಪಬಹುದು. ತರಾತುರಿಯವರು ಅದನ್ನೆಲ್ಲ ನಾಲ್ಕೈದು ದಿನದಲ್ಲಿ ಮುಗಿಸುತ್ತಾರೆ. ನಮಗೆ ಆ ಹಂಬಲವಿಲ್ಲ. ಸುಣ್ಣಕಲ್ಲಿನ ಪುಡಿ ಹಾಸಿದ ನೆಲದಲ್ಲಿ ಚಕ್ರ ಸರಸರ ಎನ್ನುತ್ತಿದ್ದರೆ, ಎಡಕ್ಕೆ ಹೆಮ್ಲಾಕ್ ಮರಗಳ ಕತ್ತಲು, ಬಲಕ್ಕೆ ಕೆಳಗೆ ಹೊಳೆ ಇದ್ದರೆ, ಹತ್ತು ಮೈಲಿಯೇ ಒಂದು ಭಾನುವಾರಕ್ಕೆ ಧಾರಾಳವಾಯಿತು.

ಇದನ್ನೆಲ್ಲ ನೋಡಿಕೊಳ್ಳುವವರಲ್ಲಿ ಬಹುಪಾಲು ಆಯಾ ಊರಿನ ಸ್ವಯಂಸೇವಕರು, ಹೆಚ್ಚಿನವರು ನಿವೃತ್ತರು. ಗಾಳಿಮಳೆಗೆ ಮರ ಉರುಳಿದರೆ ಗರಗಸದೊಂದಿಗೆ ಬರುತ್ತಾರೆ. ಚಳಿಗಾಲಕ್ಕೆ ಸುರಂಗದ ಬಾಗಿಲು ಮುಚ್ಚುವ ಮೊದಲು, ಅಕ್ಟೋಬರ್‌ನಲ್ಲಿ ಮೇಪಲ್ ಎಲೆ ಉದುರಿ ಮುಗಿದ ಮೇಲೆ, ನಾನೂ ಅವರ ಜೊತೆ ಮೋರಿ ಬಿಡಿಸಲು ಹೋಗುತ್ತೇನೆ. ರೈಲಿನ ಕಾಲದ ಮೋರಿಗಳವು, ಇನ್ನೂ ಗಟ್ಟಿಯಾಗಿವೆ. ಎಲೆ ಕಟ್ಟಿಕೊಂಡರೆ ಮಾತ್ರ ನೀರು ದಾರಿಯ ಮೇಲೆ ಹರಿದು ಪುಡಿಯನ್ನೆಲ್ಲ ಕೊಚ್ಚಿಬಿಡುತ್ತದೆ. ಹಳಿಯ ಕಾಲದಲ್ಲಿ ಗ್ಯಾಂಗ್‌ಮನ್‌ಗಳು ಮಾಡುತ್ತಿದ್ದ ಕೆಲಸ ಇದು. ಪ್ರತಿ ವರ್ಷ ಮಾಡಲೇಬೇಕು.