ಅಬ್ಬಾನ ಅಂಗಡಿಯ ಬೋರ್ಡು

ನಾನು ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವನು. ಆಮೇಲೆ ಕನ್ನಡ ಶಾಲೆ. ಎಬಿಸಿಡಿಯ ಮುಖ ಕಂಡದ್ದು ಐದನೆಯ ತರಗತಿಯಲ್ಲಿ. ಆಗ ಸರಕಾರಿ ಶಾಲೆಗಳಲ್ಲಿ ಅದೇ ಪದ್ಧತಿ. ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ.

ಆದರೆ ಇಂಗ್ಲಿಷು ಅದಕ್ಕಿಂತ ಮೊದಲೇ ನಮ್ಮ ಮನೆಯೊಳಗಿತ್ತು. ಅಬ್ಬಾನದ್ದು ಸೈಕಲ್ ಅಂಗಡಿ. ಬ್ರೇಕು, ಚೈನು, ಪೆಡಲ್ಲು, ರಿಮ್ಮು, ಮಡ್ಗಾಡು, ಫ್ರೀವೀಲು, ಕಾಟರ್ ಪಿನ್ನು, ವಾಲ್‌ಟ್ಯೂಬು... ಒಂದಕ್ಷರ ಇಂಗ್ಲಿಷ್ ಓದಲು ಬಾರದ ಅಬ್ಬಾನ ಬಾಯಲ್ಲಿ ಇವೆಲ್ಲ ಮನೆಯ ಮಕ್ಕಳಂತೆ ಓಡಾಡಿಕೊಂಡಿದ್ದವು.

ಎಂಟನೆಯ ತರಗತಿಗೆ ಬಂದಾಗ ನನಗೆ ಸ್ಪೆಲ್ಲಿಂಗಿನ ಜಂಬ ಹತ್ತಿತು. ಅಂಗಡಿಯ ಬೋರ್ಡಿನಲ್ಲಿ ಪಂಕ್ಚರ್ ಎನ್ನುವುದನ್ನು ಪೇಂಟರು 'ಪಿ ಯು ಎನ್ ಸಿ ಎಚ್ ಇ ಆರ್' ಎಂದು ಬರೆದಿದ್ದ. ಒಂದು ಸಂಜೆ ಗಿರಾಕಿಗಳ ಎದುರಿಗೇ ಹೇಳಿದೆ: "ಅಬ್ಬಾ, ನಿಮ್ಮ ಬೋರ್ಡು ತಪ್ಪು. ಪಂಚರ್ ಅಂದರೆ ಇಂಗ್ಲಿಷ್‌ನಲ್ಲಿ ಗುದ್ದುವವನು ಅಂತ ಅರ್ಥ. ನನ್ನ ಕ್ಲಾಸಿನವರು ನೋಡಿ ನಗ್ತಾರೆ."

ಗಿರಾಕಿಗಳು ನಕ್ಕರು. ಅಬ್ಬಾ ನಗಲಿಲ್ಲ. ಮರುದಿನ ಬಣ್ಣದ ಡಬ್ಬಿ ತಂದುಕೊಟ್ಟು, "ಸರಿಮಾಡು" ಎಂದರು. 'ಪಿ ಯು ಎನ್ ಸಿ ಟಿ ಯು ಆರ್ ಇ' ಎಂದು ಬರೆದು ಏಣಿಯಿಂದ ಇಳಿದಾಗ ನನ್ನ ಕೈಗೊಂದು ಟ್ಯೂಬು ಕೊಟ್ಟರು. "ಬೋರ್ಡು ಸರಿಯಾಯ್ತು ಬೇಟಾ. ಈಗ ಇದನ್ನೂ ಸರಿಮಾಡು."

ಗಾಳಿ ತುಂಬಿ ನೀರಿನಲ್ಲಿ ಅದ್ದಿದೆ. ಗುಳ್ಳೆ ಎದ್ದಲ್ಲಿ ಗುರುತು ಹಾಕಿ ಪ್ಯಾಚು ಅಂಟಿಸಿದೆ. ಟ್ಯೂಬನ್ನು ಒಣಗಿಸದೆ, ಉಜ್ಜದೆ ಅಂಟಿಸಿದ್ದೆ. ಗಾಳಿ ಹೊಡೆದ ಕೂಡಲೇ ಪ್ಯಾಚು ಎದ್ದು ಬಂತು. ಅಬ್ಬಾ ಏನೂ ಹೇಳದೆ ಟ್ಯೂಬನ್ನು ತೆಗೆದುಕೊಂಡರು. ಅವರು ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ.

ಸ್ಪೆಲ್ಲಿಂಗ್ ಅಂದರೆ ಏನೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಉರ್ದುವಿನಿಂದ. ಕನ್ನಡದಲ್ಲಿ ನುಡಿದಂತೆ ಬರೆದರಾಯಿತು. ಉರ್ದುವಿನಲ್ಲಿ ಹಾಗಲ್ಲ. 'ಜ಼' ಎಂಬ ಒಂದೇ ದನಿಗೆ ಜ಼ೇ, ಜ಼ಾಲ್, ಜ಼್ವಾದ್, ಜ಼ೋಯ್ ಎಂದು ನಾಲ್ಕು ಅಕ್ಷರಗಳಿವೆ. ಕವಿ ನಜ಼ೀರ್ ಅಕ್ಬರಾಬಾದಿಯ ಹೆಸರಿನಲ್ಲಿರುವುದು ಜ಼ೋಯ್. ಕಾದಂಬರಿಕಾರ ಡೆಪ್ಯುಟಿ ನಜ಼ೀರ್ ಅಹ್ಮದರ ಹೆಸರಿನಲ್ಲಿರುವುದು ಜ಼ಾಲ್. ಕೇಳಲು ಎರಡೂ ಒಂದೇ. ಮೊದಲನೆಯದರ ಅರ್ಥ ಸಾಟಿ ಅಥವಾ ಉದಾಹರಣೆ, ಎರಡನೆಯದರದು ಎಚ್ಚರಿಸುವವನು. ಅರಬಿಯಲ್ಲಿ ಬೇರೆ ಬೇರೆಯಾಗಿ ಕೇಳುತ್ತಿದ್ದ ದನಿಗಳು ನಮ್ಮ ನಾಲಗೆಯ ಮೇಲೆ ಒಂದಾದವು, ಅಕ್ಷರಗಳು ಮಾತ್ರ ತವರನ್ನು ಬಿಡಲಿಲ್ಲ.

ಇಂಗ್ಲಿಷಿನದೂ ಇದೇ ಕಥೆ. 'ನೈಫ್' ಬರೆಯುವಾಗ ಮುಂದೆ ಬರುವ 'ಕೆ' ಒಂದು ಕಾಲದಲ್ಲಿ ನಿಜಕ್ಕೂ ಉಚ್ಚಾರವಾಗುತ್ತಿತ್ತು. ಸಾಲ ಎಂಬರ್ಥದ 'ಡೆಟ್'ನಲ್ಲಿರುವ 'ಬಿ'ಯನ್ನು ಯಾರೂ ನುಡಿಯುತ್ತಿರಲಿಲ್ಲ, ಮೂಲದ ಲ್ಯಾಟಿನ್ ಪದದ ನೆನಪಿಗಾಗಿ ಪಂಡಿತರು ಅದನ್ನು ಸೇರಿಸಿದರು. ಪಂಕ್ಚರ್ ಕೂಡ ಚುಚ್ಚು ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು. ಅಂದರೆ ಸ್ಪೆಲ್ಲಿಂಗು ಪದವೊಂದರ ವಂಶಾವಳಿ. ಅದನ್ನು ಕಲಿಯಬೇಕು ನಿಜ. ಆದರೆ ಅದನ್ನು ಮನುಷ್ಯನ ಬುದ್ಧಿ ಅಳೆಯುವ ತಕ್ಕಡಿ ಮಾಡಿಕೊಂಡವರು ನಾವು.

ಈ ವಯಸ್ಸಿನಲ್ಲೂ ನಾನೊಂದು ಪುಸ್ತಕ ಇಟ್ಟುಕೊಂಡಿದ್ದೇನೆ. ಎಡಕ್ಕೆ ನಾವು ಆಡುವಂತೆ ಕನ್ನಡ ಲಿಪಿಯಲ್ಲಿ ಪದ, ಬಲಕ್ಕೆ ಅದರ ಸ್ಪೆಲ್ಲಿಂಗು. ಗೊತ್ತಿಲ್ಲದ ಪದಗಳನ್ನು ಹುಡುಕಿಕೊಂಡು ಹೋಗಲಿಲ್ಲ. ಬಾಯಲ್ಲಿ ಆಗಲೇ ಇದ್ದ ಬಸ್ಸು, ಟಿಕೆಟ್ಟು, ಲೈಟು, ಬಿಲ್ಲುಗಳಿಂದಲೇ ಶುರುಮಾಡಿದೆ. ಹೀಗೆ ಬರೆದಾಗಲೇ ತಿಳಿದದ್ದು, ಇಂಗ್ಲಿಷ್ ಬಾರದು ಎನ್ನುವವರ ಬಾಯಲ್ಲೂ ಎಷ್ಟೊಂದು ಇಂಗ್ಲಿಷ್ ಇದೆಯೆಂದು!

ಮೊನ್ನೆ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದುವ ಮಗಳು ಆ ಪುಸ್ತಕ ತಿರುವಿ, "ಅಬ್ಬಾ, ರಿಸೀಟ್‌ನಲ್ಲಿ 'ಪಿ' ಬಿಟ್ಟಿದ್ದೀರಿ" ಎಂದು ನಕ್ಕಳು. ತಿದ್ದಿಕೊಂಡೆ. ಆಮೇಲೆ ಕೇಳಿದೆ: "ಕಾಟರ್ ಪಿನ್ ಅಂದರೇನು ಗೊತ್ತಾ?"

ಅವಳಿಗೆ ಗೊತ್ತಿರಲಿಲ್ಲ. ಅವಳನ್ನು ಕೂರಿಸಿಕೊಂಡು ಅವಳ ದಾದಾನ ಅಂಗಡಿಯ ಕಥೆ ಹೇಳಿದೆ. ಬೋರ್ಡಿನ ಕಥೆಯನ್ನೂ ಬಿಡಲಿಲ್ಲ. ಅಬ್ಬಾ ಇದ್ದಾಗ ಕೇಳಬೇಕಿದ್ದ ಮಾಫಿಯನ್ನು ಮಗಳ ಮುಂದೆ ಕೇಳಿದಂತಾಯಿತು.