ಹಸಿರು ಕಲೆಯ ಬೆನ್ನುಹತ್ತಿ

ಬೆಣಚುಕಲ್ಲು ಕಂಡರೆ ದಾಟಿಹೋಗುವುದು ನನ್ನಿಂದಾಗದು. ನಮ್ಮ ಹನಕೆರೆಯಲ್ಲಿ ಉಳುವಾಗ ಸಿಕ್ಕ ಕಲ್ಲುಗಳನ್ನು ಆಯ್ದು ಬದುವಿಗೆ ಹಾಕಿರುತ್ತಾರೆ. ಆ ರಾಶಿಯಲ್ಲಿ ಬೆಣಚು ಬೆಳ್ಳಗೆ ಎದ್ದು ಕಾಣುತ್ತದೆ. ಭೂತಗನ್ನಡಿ ಹಿಡಿದು ಕೂತರೆ ದಾರಿಯಲ್ಲಿ ಹೋಗುವವರು "ಏನಣ್ಣ, ಚಿನ್ನ ಸಿಕ್ತಾ?" ಅಂತ ಕೇಳುತ್ತಾರೆ. ನನಗೆ ಬೇಕಾದದ್ದು ತಾಮ್ರದ ಸುಳಿವು ಕೊಡುವ ಹಸಿರು ಕಲೆ.

ಮಂಡ್ಯ ಸೀಮೆಯ ನೆಲ ಬಹುಪಾಲು ನೈಸ್ ಶಿಲೆ, ಸುಮಾರು 300 ಕೋಟಿ ವರ್ಷದ್ದು. ಕಣ್ಣು ಪಳಗಿಸಲು ಇಲ್ಲಿಯ ಬೆಣಚು ಸಾಕು. ತಾಮ್ರ ಬೇಕೆಂದರೆ ಚಿತ್ರದುರ್ಗದ ಹತ್ತಿರದ ಇಂಗಳದಾಳಿನಂಥ ಕಡೆ ಹೋಗಬೇಕು.

ಆ ಭಾಗದಲ್ಲಿ 260 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದಡಿಯಲ್ಲಿ ಲಾವಾ ಉಕ್ಕಿತ್ತು. ನೀರು ತಾಗಿದ ಕೂಡಲೇ ಉಂಡೆಯುಂಡೆಯಾಗಿ ಗಟ್ಟಿಯಾದ ದಿಂಬುಲಾವಾ ಮರಡಿಹಳ್ಳಿಯಲ್ಲಿ ಇಂದಿಗೂ ಇದೆ. ಇಂಥ ಬಂಡೆಗಳ ಬಿರುಕುಗಳಲ್ಲಿ ಹರಿದ ಬಿಸಿನೀರು ತಾಮ್ರ, ಕಬ್ಬಿಣ, ಗಂಧಕ, ಸಿಲಿಕಾಗಳನ್ನು ಕರಗಿಸಿ ತಂದು, ಆರುತ್ತ ಆರುತ್ತ ಅಲ್ಲೇ ಬಿಟ್ಟಿತು. ಹಾಗೆ ಬೆಣಚಿನ ಎಳೆಯೊಳಗೆ ಕೂತ ಹಿತ್ತಾಳೆ ಬಣ್ಣದ ಅದಿರೇ ಚಾಲ್ಕೋಪೈರೈಟ್. ಮಳೆಗಾಳಿ ಸೋಕಿದರೆ ಅದರ ಮೈಮೇಲೆ ಹಸಿರು ಮಲಕೈಟ್ ಮೂಡುತ್ತದೆ. ಬಚ್ಚಲಿನ ತಾಮ್ರದ ಹಂಡೆಗೆ ಹಿಡಿಯುವ ಕಿಲುಬಿನಲ್ಲೂ ಇದೇ ತಾಮ್ರದ ಕಾರ್ಬೊನೇಟ್ ಇರುತ್ತದೆ.

ಕಲ್ಲಿನ ಮೇಲಿನ ಹಸಿರೆಲ್ಲ ತಾಮ್ರವಲ್ಲ. ಕಲ್ಲುಹೂವು ಮೇಲ್ಮೈಗಷ್ಟೇ ಅಂಟಿರುತ್ತದೆ, ಉಗುರಿನಿಂದ ಕೆರೆದರೆ ಹೊಟ್ಟಿನಂತೆ ಏಳುತ್ತದೆ. ಮಲಕೈಟ್ ಬಿರುಕಿನೊಳಗೂ ಇಳಿದಿರುತ್ತದೆ. ಕಲ್ಲನ್ನು ಒದ್ದೆ ಮಾಡಿದರೆ ಬಣ್ಣ ಇನ್ನೂ ಕಡುವಾಗುತ್ತದೆ. ಅಕ್ಕಪಕ್ಕ ತುಕ್ಕಿನ ಕೆಂಪು, ನಡುವೆ ಹಳದಿ ಮಿಂಚು. ಮೆರುಗಿಲ್ಲದ ಟೈಲ್ಸಿನ ಹಿಂಬದಿಗೆ ಆ ಮಿಂಚನ್ನು ಉಜ್ಜಿ ನೋಡಿ: ಚಿನ್ನವಾದರೆ ಹಳದಿ ಗೆರೆ, ಚಾಲ್ಕೋಪೈರೈಟ್ ಆದರೆ ಹಸಿರುಗಪ್ಪು ಗೆರೆ. ಆ ಗೆರೆ ಮೂಡುವ ಗಳಿಗೆಗಾಗಿ ಎಷ್ಟು ಬಿಸಿಲನ್ನಾದರೂ ತಡೆದುಕೊಳ್ಳಬಹುದು.

ಹಿಂದಿನ ಶೋಧಕರಿಗೆ ಇದ್ದದ್ದೂ ಕಣ್ಣು, ಕಾಲು, ಸುತ್ತಿಗೆಗಳೇ. ಹಳ್ಳದಲ್ಲಿ ಒಂದು ಹಸಿರುಕಲ್ಲು ಸಿಕ್ಕರೆ ಮೇಲಕ್ಕೆ ಹತ್ತುತ್ತ ಹೋಗುವುದು. ಅಂಥ ಕಲ್ಲು ಎಲ್ಲಿ ಸಿಗದಾಗುತ್ತದೋ ಅಲ್ಲೇ ಸುತ್ತಮುತ್ತ ಎಳೆಯನ್ನು ಹುಡುಕುವುದು. ಅವರಿಗಿಂತ ಮೊದಲಿನವರು ತೋಡಿ ಬಿಟ್ಟ ಗುಂಡಿಗಳೂ ದಾರಿ ತೋರುತ್ತಿದ್ದವು. ಇಂಗಳದಾಳಿನ ಸುತ್ತ ಅಂಥ ಹಳೆಯ ಅಗೆತಗಳಿವೆ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಹೊಣೆ ಹೊತ್ತವರು ರಾಬರ್ಟ್ ಬ್ರೂಸ್ ಫೂಟ್. ಆಗ ಅವರಿಗೆ ಅರವತ್ತು. ಇಳಿವಯಸ್ಸಿನಲ್ಲೂ ಬೆಟ್ಟಗುಡ್ಡ ಅಲೆದ ಆ ಮನುಷ್ಯನ ಮೇಲೆ ನನಗೆ ತುಂಬ ಅಭಿಮಾನ. ಬಹಳ ವರ್ಷಗಳ ಮೇಲೆ ಹಟ್ಟಿ ಚಿನ್ನದ ಗಣಿ ಕಂಪನಿ ಇಂಗಳದಾಳಿನಲ್ಲಿ ತಾಮ್ರದ ಗಣಿ ನಡೆಸಿತು. ಈಗ ಅದು ನಿಂತಿದೆ.

ಚಿತ್ರದುರ್ಗದ ಕೋಟೆ ನೋಡಲು ಹೋದವರು ಮರಡಿಹಳ್ಳಿಗೂ ಒಂದಿಷ್ಟು ಹೊತ್ತು ಮೀಸಲಿಡಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುತ್ತಿಗೆ ಚೀಲದಲ್ಲೇ ಇರಲಿ. ಅಲ್ಲಿಂದ ಒಂದು ಚೂರನ್ನೂ ಒಡೆದು ತರಬೇಡಿ.